ಇನಿ ಉಪ್ಪು ಬೊಡ್ಚಿ

ನನ್ನ ಗಂಡನ ಹೆಸರು ಕುಶಾಲಪ್ಪ. ಬರೆಯುವಾಗ ಈಗಲೂ ಕೈ ಸ್ವಲ್ಪ ತಡೆಯುತ್ತದೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ಕಲಿಸಿ ಕಳಿಸಿದ ಕಾಲದ ಹೆಣ್ಣು ನಾನು. ಒಂದು ಸಲ ಬರೆದಾಯಿತು, ಅಷ್ಟು ಸಾಕು. ಇನ್ನು ಮುಂದೆ ಇಲ್ಲಿ ‘ಇವರು’ ಎಂದು ಬಂದರೆ ನನ್ನ ಗಂಡ ಎಂದೇ ತಿಳಿದುಕೊಳ್ಳಬೇಕು.

ಇವರಷ್ಟು ಹೆದರುವ ಗಂಡಸನ್ನು ನಾನು ನಮ್ಮ ಐವರ್ನಾಡಿನಲ್ಲಿ ಮಾತ್ರವಲ್ಲ, ಇಡೀ ಸುಳ್ಯ ಸೀಮೆಯಲ್ಲಿ ಕಂಡಿಲ್ಲ. ನಮಗಿದ್ದದ್ದು ಎರಡು ಗದ್ದೆ ಮತ್ತು ಬೆಳ್ಳಾರೆ ಸಂತೆಗೆ ಹೋಗುವಷ್ಟು ವೀಳ್ಯದೆಲೆಯ ಬಳ್ಳಿ. ಎಲೆ ಕೊಯ್ಯಲು ಏಣಿ ಹತ್ತಬೇಕು. ಏಣಿ ಕಂಡರೆ ಇವರಿಗೆ ತಲೆ ಸುತ್ತು. ಹಾಗಾಗಿ ಎಲೆ ಕೊಯ್ಯಲು ಪಕ್ಕದ ಮನೆಯ ಸೀನ ಬರಬೇಕು, ಇವರು ಕೆಳಗೆ ನಿಂತು “ಬೀಳ್ಬೇಡ ಮಾರಾಯ, ಬೀಳ್ಬೇಡ” ಎಂದು ಅವನ ಕಾಲು ನಡುಗುವಂತೆ ಮಾಡಬೇಕು. ಗುಡುಗಿದರೆ ಭತ್ತದ ಕಣಜದ ಹಿಂದೆ ಇವರ ಜಾಗ. ಪೋಸ್ಟಿನವನು ಅಂಗಳಕ್ಕೆ ಇಳಿದರೆ ಯಾರೋ ಸತ್ತರೆಂದೇ ಲೆಕ್ಕ. ಮದುವೆಯಲ್ಲಿ ಧಾರೆಯ ಹೊತ್ತಿಗೆ ಇವರ ಕೈ ಎಷ್ಟು ನಡುಗಿತೆಂದರೆ ಅರ್ಧ ನೀರು ನನ್ನ ಸೀರೆಯ ಮೇಲೆ. “ಹುಡುಗನಿಗೆ ಚಳಿಜ್ವರ ಎಂತಾದ್ರೂ ಉಂಟಾ?” ಎಂದು ನನ್ನ ಅಣ್ಣ ಕೇಳಿಯೇ ಬಿಟ್ಟ.

ಊರಿನವರಿಗೆ ಇದು ತಮಾಷೆ. ನನ್ನ ಅತ್ತೆ ದುಗ್ಗಮ್ಮನಿಗೆ ಮಾತ್ರ ತಮಾಷೆಯಾಗಿರಲಿಲ್ಲ. ಅವರು ಮಗನ ಹೆದರಿಕೆಯನ್ನು ಹಸುಗೂಸಿನ ಹಾಗೆ ನೋಡಿಕೊಂಡವರು. ಕೊಟ್ಟಿಗೆಯಲ್ಲಿ ಹಾವು ಕಂಡರೆ ಇವರಿಗೆ ಹೇಳುತ್ತಿರಲಿಲ್ಲ, ತಾವೇ ಕೋಲು ಹಿಡಿಯುತ್ತಿದ್ದರು. ಕರು ಸತ್ತರೆ ಅದನ್ನು ಹೂತು, ಕೈಕಾಲು ತೊಳೆದು, ಇವರಿಗೆ ಊಟ ಬಡಿಸಿ, ಆಮೇಲೆ ಹೇಳುತ್ತಿದ್ದರು. ನಾನು ಸೊಸೆಯಾಗಿ ಬಂದ ಹೊಸತರಲ್ಲಿಯೇ ನನಗೂ ಈ ಪಾಠವಾಯಿತು. “ಅವನ ಕಿವಿಗೆ ಹಾಕ್ಬೇಡ ಕುಮುದಿನಿ, ಅವ ಹೆದರ್ತಾನೆ.” ಮನೆಯ ಕೆಟ್ಟ ಸುದ್ದಿಗಳೆಲ್ಲ ನಮ್ಮಿಬ್ಬರು ಹೆಂಗಸರ ನಡುವೆಯೇ ಹುಟ್ಟಿ ಅಲ್ಲೇ ತೀರುತ್ತಿದ್ದವು. ನನಗೆ ಸಿಟ್ಟು ಬರುತ್ತಿತ್ತು. ಮೀಸೆ ಬಂದ ಮನುಷ್ಯನನ್ನು ಹೀಗೆ ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವುದೇ? ಆದರೆ ಅತ್ತೆಯ ಮಾತಿಗೆ ಎದುರಾಡುವ ಕಾಲ ಅದಲ್ಲ.

ನಾನು ಹೇಳಹೊರಟಿರುವುದು ೧೯೫೯ರ ಬೇಸಗೆಯ ಮಾತು. ಚೊಚ್ಚಲ ಹೆರಿಗೆಗೆಂದು ನಾನು ಸಂಪಾಜೆಯ ತವರಿಗೆ ಹೋಗಿದ್ದೆ. ಹಾಗಾಗಿ ಇದರಲ್ಲಿ ನಾನು ಕಣ್ಣಾರೆ ಕಂಡದ್ದು ಕಡಿಮೆ. ಮೂರು ಜನರಿಂದ ಮೂರು ಥರ ಕೇಳಿ, ಕೂಡಿಸಿ, ಹೊಂದಿಕೆಯಾಗದ ಕಡೆ ಮತ್ತೆ ಮತ್ತೆ ಪೀಡಿಸಿ ಕೇಳಿ ತಿಳಿದದ್ದು ಇದು.

ನಾನು ಹೊರಡುವಾಗ ಅತ್ತೆ ಗಟ್ಟಿಯಾಗಿದ್ದರು, ಅಥವಾ ಹಾಗೆ ತೋರಿಸಿಕೊಂಡರು. ನಾನು ಹೋದ ಮೇಲೆ ಅವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಉಸಿರು ಕಟ್ಟುವುದು, ಕಾಲು ಮುಖ ಊದಿಕೊಳ್ಳುವುದು ಶುರುವಾಯಿತು. ಮುಖದ ಊತವನ್ನು ಸೆರಗಿನಲ್ಲಿ ಮುಚ್ಚಲಾಗುವುದಿಲ್ಲವಲ್ಲ. ಇವರು ಕಂಡರು, ಗಾಬರಿಯಾದರು, ಊರಿನವರು ಸೇರಿ ಅತ್ತೆಯನ್ನು ಪುತ್ತೂರಿನ ಒಂದು ಆಸ್ಪತ್ರೆಗೆ ಸೇರಿಸಿದರು. ಹೃದಯ ಸೋತಿದೆ, ಮೈಯಲ್ಲಿ ನೀರು ತುಂಬಿದೆ ಎಂದರು ಅಲ್ಲಿಯ ಡಾಕ್ಟರು. ಸೂಜಿ ಚುಚ್ಚಿದರು, ನೀರು ಇಳಿಸಿದರು. ಊಟವೆಂದರೆ ಅಲ್ಲಿ ಬರೀ ಹಾಲು ಮತ್ತು ಬ್ರೆಡ್ಡು, ಹೊರಗಿನಿಂದ ಏನೂ ತರಬಾರದು. ಇವರು ಆಸ್ಪತ್ರೆಯ ವಾಸನೆಗೇ ಹೆದರಿ ಹೊರಗಿನ ಹಲಸಿನ ಮರದ ಕೆಳಗೆ ಕೂತಿರುತ್ತಿದ್ದರು. ಒಳಗೆ ಹೋಗಿ ತಾಯಿಯ ಮುಖ ನೋಡುವುದು, ಹೊರಗೆ ಬಂದು ಸುಬ್ರಹ್ಮಣ್ಯ ದೇವರಿಗೆ ಹರಕೆ ಹೊರುವುದು, ಇದೇ ಇವರ ಕೆಲಸ.

ಅತ್ತೆ ಎದ್ದು ಕೂತು ಮಾತಾಡುವಷ್ಟಾದರು. ಆಗ ಡಾಕ್ಟರು ಬೇರೆ ರೋಗಿಯ ಕಡೆಗೆ ನಡೆಯುತ್ತ ಇವರಿಗೆ ಒಂದು ಮಾತು ಹೇಳಿ ಹೋದರು.

“ಇನ್ನು ಮನೆಗೆ ಕರ್ಕೊಂಡು ಹೋಗಿ.”

ಬೇರೆ ಊರಿನವರಿಗೆ ಈ ಮಾತಿನಲ್ಲಿ ಹೆದರುವಂಥದ್ದು ಏನೂ ಕಾಣಲಿಕ್ಕಿಲ್ಲ. ನಮ್ಮ ಕಡೆ ಆಗ ಇದಕ್ಕೊಂದು ಅರ್ಥವಿತ್ತು. ಉಳಿಯುವವರಿಗೆ ‘ಗುಣ ಆಯ್ತು’ ಅನ್ನುತ್ತಿದ್ದರು. ಕೈಮೀರಿದವರ ಕಡೆಯವರಿಗೆ ‘ಮನೆಗೆ ಕರ್ಕೊಂಡು ಹೋಗಿ’ ಅನ್ನುತ್ತಿದ್ದರು. ಸಾಯುವುದು ತಮ್ಮ ಮನೆಯಲ್ಲೇ ಆಗಲಿ ಎಂಬುದನ್ನು ಬಾಯಿಬಿಟ್ಟು ಹೇಳಲಾರದೆ ಹೇಳುವ ಮಾತು ಅದು. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರ ಹಿಂದೆ ಓಡಿ ಕೇಳುತ್ತಿದ್ದರು. ಇವರು ಕೇಳಲಿಲ್ಲ. ಕೇಳಿ ಅವರು ‘ಹೌದು’ ಅಂದುಬಿಟ್ಟರೆ? ಆ ಹೆದರಿಕೆಗೆ ಬಾಯಿಯೇ ಏಳಲಿಲ್ಲ.

ಅತ್ತೆಯನ್ನು ಬಾಡಿಗೆ ಕಾರಿನಲ್ಲಿ ಕೂರಿಸುವಾಗ ಒಬ್ಬ ನರ್ಸಮ್ಮ ಓಡೋಡಿ ಬಂದಳು. ಮಲಯಾಳದ ಹುಡುಗಿ, ರೋಗಿಗಳ ಜೊತೆ ಮಾತಾಡುತ್ತಲೇ ತುಳು ಕಲಿತವಳು, ಒಳ್ಳೆಯವಳು. ಮಾತ್ರೆಯ ಪೊಟ್ಟಣ ಕೊಟ್ಟಳು, ಯಾವಾಗ ಕೊಡಬೇಕೆಂದಳು, ಮಲಗುವಾಗ ತಲೆಯ ಕೆಳಗೆ ದಿಂಬು ಎತ್ತರಕ್ಕಿರಲಿ ಎಂದಳು. ಕಾರು ಹೊರಡುವಾಗ ಕಿಟಕಿಯ ಹತ್ತಿರ ಬಗ್ಗಿ, ಬೆರಳೆತ್ತಿ ಹೇಳಿದಳು.

“ಇನಿ ಅಪ್ಪೆಗ್ ಉಪ್ಪು ಬೊಡ್ಚಿ.”

ನಮ್ಮ ಮನೆಮಾತು ಅರೆಭಾಷೆಯಾದರೂ ತುಳು ಬಾರದವರು ನಮ್ಮಲ್ಲಿ ಯಾರೂ ಇಲ್ಲ. ತುಳುವಿನಲ್ಲಿ ‘ಇನಿ’ ಎಂದರೆ ಇವತ್ತು. ‘ಇವತ್ತು ಅಮ್ಮನಿಗೆ ಉಪ್ಪು ಬೇಡ.’ ಇವರಿಗೆ ಸರಿಯಾಗಿಯೇ ಅರ್ಥವಾಯಿತು, ತಲೆಯಾಡಿಸಿದರು. ಆದರೆ ಆ ಹುಡುಗಿ ತುಳು ಮಾತಾಡುತ್ತಿದ್ದೇನೆಂದು ತಿಳಿದು ತನ್ನ ಭಾಷೆಯ ಒಂದು ಪದವನ್ನು ಅದರೊಳಗೆ ಜಾರಿಸಿಬಿಟ್ಟಿದ್ದಳು. ಮಲಯಾಳದಲ್ಲಿ ‘ಇನಿ’ ಎಂದರೆ ಇವತ್ತಲ್ಲ. ಇನ್ನು ಮೇಲೆ. ಅಮ್ಮನಿಗೆ ಇನ್ನು ಮೇಲೆ ಉಪ್ಪೇ ಬೇಡ, ಉಪ್ಪು ತಿಂದರೆ ಮೈಯಲ್ಲಿ ಮತ್ತೆ ನೀರು ತುಂಬುತ್ತದೆ ಎಂಬುದು ಅವಳ ಮಾತು. ಎರಡಕ್ಷರದ ಒಂದು ಪದ.

ಕಾರು ಬರುವಷ್ಟು ದೂರ ಬಂದು, ಅಲ್ಲಿಂದ ಕುರ್ಚಿಗೆ ಬಿದಿರು ಕಟ್ಟಿ, ಸೀನ ಮತ್ತು ಊರಿನ ಮೂವರು ಅತ್ತೆಯನ್ನು ಹೊತ್ತು ತಂದರು. ಕಡಬದಲ್ಲಿ ಮದುವೆಯಾಗಿದ್ದ ಇವರ ಅಕ್ಕ ಪೂವಮ್ಮ ಸುದ್ದಿ ತಿಳಿದು ಬಂದಿದ್ದರು. ಅಕ್ಕನಿಗೆ ಮಾತು ಜಾಸ್ತಿ, ಕಣ್ಣೀರು ಅದಕ್ಕಿಂತ ಜಾಸ್ತಿ. ತಾಯಿಯನ್ನು ಒಳಗೆ ಮಲಗಿಸಿದ ಮೇಲೆ ತಮ್ಮನನ್ನು ಬಾವಿಕಟ್ಟೆಗೆ ಕರೆದೊಯ್ದರು.

“ಡಾಕ್ಟ್ರು ಎಂತ ಹೇಳಿದ್ರು?”

“ಮನೆಗೆ ಕರ್ಕೊಂಡು ಹೋಗಿ ಹೇಳಿದ್ರು.”

“ಅಯ್ಯೋ!” ಅಕ್ಕ ಬಾಯಿಗೆ ಸೆರಗು ತುರುಕಿಕೊಂಡರು. “ಹಾಗೆ ಹೇಳಿದ್ರೆ ಎಂತ ಅಂತ ಗೊತ್ತಿಲ್ವಾ ನಿಂಗೆ? ಇನ್ನು ಅವ್ವ ಕೇಳಿದ್ದಕ್ಕೆ ಇಲ್ಲ ಹೇಳ್ಬೇಡ ಕುಶಾಲ. ಎಂತ ಆಸೆ ಇದ್ರೂ ಕೊಟ್ಟುಬಿಡು.”

ಇಷ್ಟು ಹೇಳಿ, ಒಂದು ದಿನವಿದ್ದು, ಅತ್ತು, ಮನೆಯಲ್ಲಿ ಕರೆಯುವ ಹಸುವನ್ನು ನೋಡುವವರಿಲ್ಲವೆಂದು ಅಕ್ಕ ಕಡಬಕ್ಕೆ ಹೋದರು. ಇವರೊಬ್ಬರೇ ಉಳಿದರು. ಒಳಗೆ ತಾಯಿ.

ಈಗ ಪ್ರಶ್ನೆ ಎಂದರೆ ಅತ್ತೆಯನ್ನು ನೋಡಿಕೊಳ್ಳುವವರು ಯಾರು? ಗಂಜಿ ಬೇಯಿಸುವುದನ್ನು ಇವರು ಹೇಗೋ ಮಾಡುತ್ತಿದ್ದರು. ಆದರೆ ಮೈ ಒರೆಸುವುದು, ಸೀರೆ ಬದಲಿಸುವುದು, ಹೊರಗೆ ಕೂರಿಸುವುದು ಗಂಡುಮಗ ಮಾಡುವಂಥದ್ದಲ್ಲ, ಮಾಡಲು ಅತ್ತೆಯೂ ಬಿಡುವವರಲ್ಲ. ನೆಂಟರಲ್ಲಿ ಕೇಳಿದರೆ ಒಬ್ಬೊಬ್ಬರಿಗೂ ಒಂದೊಂದು ಕಾರಣ. ಸಾಯಲು ಬಂದವರ ಮನೆಯಲ್ಲಿ ಎಷ್ಟು ದಿನ ಕೂರಬೇಕೋ ಎಂಬುದೇ ಆ ಕಾರಣಗಳ ಹಿಂದಿನ ಕಾರಣ. ಕೊನೆಗೆ ಕರೆಯದೆ ಬಂದವರು ಕುಂಞಿಪಾತುಮ್ಮ. ರಸ್ತೆಯ ತಿರುವಿನಲ್ಲಿ ಮನೆ ಮಾಡಿಕೊಂಡಿದ್ದ ಬ್ಯಾರಿ, ಅಂದರೆ ನಮ್ಮ ಕಡೆಯ ಮುಸ್ಲಿಂ ಹೆಂಗಸು, ಕೋಳಿಮೊಟ್ಟೆ ಮಾರಿ ಬದುಕುವವರು. ಲಕ್ವ ಹೊಡೆದ ಗಂಡ ಆದಂ ಕುಂಞಿಯನ್ನು ವರ್ಷಗಟ್ಟಲೆ ಹಾಸಿಗೆಯಲ್ಲೇ ಸಾಕಿ ಕಳಿಸಿಕೊಟ್ಟವರು. ಅಂಗಳದಲ್ಲಿ ನಿಂತು ಇವರನ್ನು ತಮ್ಮ ಮಾತಿನಲ್ಲಿ ‘ಮೋನೆ’, ಮಗನೇ, ಎಂದು ಕರೆದರು.

“ಮೋನೆ, ದುಗ್ಗಮ್ಮಕ್ಕನ ಕೆಲಸ ನಾನು ಮಾಡ್ತೇನೆ. ನೀನು ಹಾಗೆ ಕಂಬ ಹಿಡ್ಕೊಂಡು ನಿಲ್ಬೇಡ.”

ಒಂದು ವಿಷಯ ಇಲ್ಲೇ ಹೇಳಬೇಕು. ನಮ್ಮಲ್ಲಿ ಆಗ ಬ್ಯಾರಿಗಳು ಜಗಲಿಗೆ ಬರುತ್ತಿದ್ದರು, ಕಷ್ಟಕಾಲದಲ್ಲಿ ನಡುಮನೆಗೂ ಬರುತ್ತಿದ್ದರು. ಅಡಿಗೆ ಕೋಣೆಯ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ, ಎರಡೂ ಕಡೆಯವರಿಗೆ ಗೊತ್ತಿದ್ದ ಗಡಿ ಅದು. ಪಾತುಮ್ಮಕ್ಕ ತಮ್ಮ ಬುತ್ತಿ ತಾವೇ ತರುತ್ತಿದ್ದರು. ಅತ್ತೆಯ ಊಟದ ಹೊತ್ತಿಗೆ ಎದ್ದು ಹೊರಗೆ ಜಗಲಿಯಲ್ಲಿ ಕೂರುತ್ತಿದ್ದರು. ಹೀಗಾಗಿ ಮಲಯಾಳಕ್ಕೆ ಹತ್ತಿರದ ಬ್ಯಾರಿ ಮಾತಾಡುವ, ‘ಇನಿ’ ಎಂಬ ಪದದ ಗುಟ್ಟು ಗೊತ್ತಿದ್ದ ಒಂದು ಜೀವ ನಮ್ಮ ಮನೆಯೊಳಗೇ ಇದ್ದೂ, ಅತ್ತೆಯ ತಟ್ಟೆಯಲ್ಲಿ ಏನು ಬೀಳುತ್ತಿದೆ ಎಂದು ಅವರಿಗೆ ಕಾಣಲಿಲ್ಲ.

ಬಂದ ದಿನ ಇವರು ನರ್ಸಮ್ಮನ ಮಾತಿನಂತೆ ಉಪ್ಪಿಲ್ಲದ ಗಂಜಿ ಕೊಟ್ಟಿದ್ದರು. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿದರು. “ಇದೆಂತದು, ಹುಲ್ಲು ಬೇಯಿಸಿದ ನೀರಾ?” ಇವರು, “ಇವತ್ತೊಂದು ದಿನ ಸುಧಾರಿಸು ಅವ್ವ, ನಾಳೆಯಿಂದ ಹಾಕ್ತೇನೆ” ಎಂದು ಸಮಾಧಾನ ಮಾಡಿದರು. ಮರುದಿನ ಮಾತು ಉಳಿಸಿಕೊಂಡರು. ಹಿಂದಿನ ದಿನದ್ದೂ ಸೇರಿಸಿ ಕೈತುಂಬ ಹಾಕಿದರು. ಅತ್ತೆಗೆ ಗಂಜಿ ಸೇರಿತು. ಹೊಸ ಮಾವಿನಮಿಡಿಯ ಉಪ್ಪಿನಕಾಯಿ ಆಗಷ್ಟೇ ಭರಣಿಯಲ್ಲಿ ಮಾಗಿತ್ತು, ಅದನ್ನು ಕೇಳಿದರು. ಇವರು ಕೊಟ್ಟರು. ಸುಟ್ಟ ಒಣಮೀನು ಕೇಳಿದರು. ಕೊಟ್ಟರು. ಆಸ್ಪತ್ರೆಯಿಂದ ಬಂದವರನ್ನು ನೋಡಲು ಬಂದವರು ಹಪ್ಪಳ ತಂದರು, ಸಂಡಿಗೆ ತಂದರು. ಅವ್ವನ ಬಾಯಿಗೆ ರುಚಿ ಬಂದದ್ದು ನೋಡಿ ಇವರಿಗೆ ಸಂತೋಷ. ಮರುಗಳಿಗೆಗೆ ಅಕ್ಕನ ಮಾತು ನೆನಪಾಗಿ ಹೆದರಿಕೆ. ಕೊನೆಯ ಆಸೆಗಳು ಒಂದೊಂದಾಗಿ ತೀರುತ್ತಿವೆ ಎಂದುಕೊಂಡು ಅಡಿಗೆ ಕೋಣೆಯ ಮೂಲೆಯಲ್ಲಿ ನಿಂತು ಅಳುತ್ತಿದ್ದರಂತೆ, ಅತ್ತು ಮುಗಿಸಿ ಇನ್ನೊಂದು ಮಿಡಿ ತೆಗೆದುಕೊಂಡು ಹೋಗುತ್ತಿದ್ದರಂತೆ.

ನೀರು ಮತ್ತೆ ತುಂಬತೊಡಗಿತು. ಮೊದಲು ಪಾದದಲ್ಲಿ, ಆಮೇಲೆ ಮೊಣಕಾಲವರೆಗೆ. ಮೈ ಒರೆಸುವಾಗ ಪಾತುಮ್ಮಕ್ಕನಿಗೆ ಕಂಡಿತು. ಬೆರಳಿಟ್ಟರೆ ಗುಂಡಿ ಬೀಳುತ್ತಿತ್ತು, ಅದು ಹಾಗೆಯೇ ಉಳಿಯುತ್ತಿತ್ತು. “ಇದು ಮಗನಿಗೆ ಹೇಳ್ಬೇಕಲ್ಲ ದುಗ್ಗಮ್ಮಕ್ಕ” ಎಂದರು.

ಅತ್ತೆ ಅವರ ಕೈ ಹಿಡಿದುಕೊಂಡರು. “ಹೇಳ್ಬೇಡ ಪಾತುಮ್ಮ. ನನ್ನ ಮೇಲೆ ಆಣೆ. ಅವನಿಗೆ ಗೊತ್ತಾದ್ರೆ ಹೆದರಿ ನನ್ನಿಂದ ಮೊದ್ಲು ಅವನೇ ಹೋಗ್ತಾನೆ. ನಂದು ಹೇಗೂ ಮುಗೀತು. ಆಸ್ಪತ್ರೆಯವ್ರು ಮನೆಗೆ ಕಳಿಸಿದ್ದು ಮತ್ತೆ ಯಾಕೆ?”

ನೋಡಿ, ಅತ್ತೆಯೂ ಅದೇ ಅರ್ಥ ಮಾಡಿಕೊಂಡಿದ್ದರು. ಮಗ ತಾಯಿಗೆ ಹೇಳಲಿಲ್ಲ, ತಾಯಿ ಮಗನಿಗೆ ಹೇಳಲಿಲ್ಲ. ಸಾವು ಬರುತ್ತದೆಂದು ಇಬ್ಬರೂ ಬೇರೆಬೇರೆಯಾಗಿ ಕಾದು ಕೂತಿದ್ದರು, ಒಬ್ಬರ ಎದುರು ಒಬ್ಬರು ನಗುತ್ತಿದ್ದರು. ಅತ್ತೆ ಆ ಮೇ ತಿಂಗಳ ಸೆಕೆಯಲ್ಲಿಯೂ ಕಾಲಿನ ಮೇಲೆ ಕಂಬಳಿ ಹೊದ್ದುಕೊಂಡು ಕೂರುತ್ತಿದ್ದರು. “ಚಳಿಯಾ ಅವ್ವ?” ಎಂದರೆ “ಹೂಂ, ಸ್ವಲ್ಪ” ಎನ್ನುತ್ತಿದ್ದರು. ಇವರು ಕಂಬಳಿ ಎತ್ತಿ ನೋಡಲಿಲ್ಲ. ಮಗನಿಗೆ ಅನುಮಾನ ಬಂದಿರಲಿಲ್ಲವೆಂದು ನಾನು ನಂಬುವುದಿಲ್ಲ. ನೋಡಲು ಧೈರ್ಯವಿರಲಿಲ್ಲ, ಅಷ್ಟೇ. ಬಾಗಿಲ ಹೊರಗೆ ನಿಂತು ಉಸಿರಿನ ಸದ್ದು ಕೇಳುವುದು, ಅದು ಗೊರಗುಟ್ಟಿದರೆ ಕಿವಿ ಮುಚ್ಚಿಕೊಂಡು ಬಳ್ಳಿಯ ಕಡೆಗೆ ಹೋಗಿಬಿಡುವುದು, ಇಷ್ಟರಲ್ಲೇ ಇವರ ದಿನ ಕಳೆಯುತ್ತಿತ್ತು.

ಒಂದು ಬೆಳಿಗ್ಗೆ ಇವರು ಗಂಜಿಯ ತಟ್ಟೆ ಹಿಡಿದು ಒಳಗೆ ಹೋದಾಗ ಅತ್ತೆ ಗೋಡೆಗೆ ಒರಗಿ, ಬಾಯಿ ತೆರೆದು, ಉಸಿರಿಗಾಗಿ ಒದ್ದಾಡುತ್ತಿದ್ದರು. ತುಟಿ ನೇರಳೆಹಣ್ಣು ತಿಂದವರ ತುಟಿಯ ಹಾಗೆ ಆಗಿತ್ತು. ಕಂಬಳಿ ಜಾರಿ ಬಿದ್ದಿತ್ತು. ಕಾಲು ಕಂಡಿತು. ಚರ್ಮ ಬಿಗಿದು ಮಿರಿಮಿರಿ ಹೊಳೆಯುತ್ತಿತ್ತು, ಬೆರಳುಗಳ ನಡುವೆ ಸಂದೇ ಇರಲಿಲ್ಲ. ಇವರ ಕೈಯಿಂದ ತಟ್ಟೆ ಬಿತ್ತು. ಅಂಗಳಕ್ಕೆ ಓಡಿ “ಪಾತುಮ್ಮಕ್ಕಾ!” ಎಂದು ಕೂಗಿದ್ದು ಗುಡ್ಡೆಯ ಆಚೆಯ ಸೀನನಿಗೂ ಕೇಳಿತಂತೆ. ಪಾತುಮ್ಮಕ್ಕ ಆಗಷ್ಟೇ ಬರುತ್ತಿದ್ದವರು ಬಿರಬಿರನೆ ಒಳಗೆ ನುಗ್ಗಿ, ಅತ್ತೆಯನ್ನು ಎದೆಗೆ ಒರಗಿಸಿ ಕೂರಿಸಿಕೊಂಡು ಬೆನ್ನು ನೀವತೊಡಗಿದರು.

“ಕಾಲು! ಅವ್ವನ ಕಾಲು ನೋಡಿ!”

“ದಿನಾ ನೋಡ್ತಾ ಇದ್ದೇನೆ ಮೋನೆ.”

“ನಿಮ್ಗೆ ಗೊತ್ತಿತ್ತಾ? ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಹೇಳ್ಬಾರ್ದು ಅಂತ ಆಣೆ ಹಾಕಿಸಿದ್ದಾರೆ. ನೀನು ಹೆದರ್ತಿ ಅಂತ.”

ಇವರು ಕಂಬ ಹಿಡಿದುಕೊಂಡರು. ತಾನು ಏನೋ ತಪ್ಪು ಮಾಡಿದ್ದೇನೆಂಬ ಭಯ ಬಂದಾಗ ಮಕ್ಕಳು ಹೇಗೆ ಒಂದೇ ಉಸಿರಿಗೆ ಒಪ್ಪಿಸುತ್ತಾರೋ ಹಾಗೆ ಹೇಳತೊಡಗಿದರು.

“ನಾನು ಎಂತ ತಪ್ಪು ಮಾಡ್ಲಿಲ್ಲ ಪಾತುಮ್ಮಕ್ಕ. ನರ್ಸಮ್ಮ ಹೇಳಿದ ಹಾಗೇ ಮಾಡಿದ್ದು. ಮಾತ್ರೆ ತಪ್ಪಿಸ್ಲಿಲ್ಲ. ದಿಂಬು ಎತ್ತರ ಇಟ್ಟೆ. ಬಂದ ದಿನ ಗಂಜಿಗೆ ಉಪ್ಪು ಸಹ ಹಾಕ್ಲಿಲ್ಲ.”

“ಬಂದ ದಿನ ಮಾತ್ರ ಯಾಕೆ?”

“ಅವತ್ತಿಗೆ ಮಾತ್ರ ಬೇಡ ಹೇಳಿದ್ದಲ್ವಾ? ‘ಇನಿ ಅಪ್ಪೆಗ್ ಉಪ್ಪು ಬೊಡ್ಚಿ’ ಅಂತ.”

ಬೆನ್ನು ನೀವುತ್ತಿದ್ದ ಕೈ ನಿಂತಿತು. “ಆ ನರ್ಸ್ ನಮ್ಮ ಊರಿನವಳಾ?”

“ಅಲ್ಲ. ಮಲಯಾಳದವಳು.”

“ಯಾ ಅಲ್ಲಾ!” ಪಾತುಮ್ಮಕ್ಕನ ಮುಖದಲ್ಲಿ ರಕ್ತವೇ ಇಳಿದುಹೋಯಿತಂತೆ. “ಮೋನೆ, ‘ಇನಿ’ ಅಂದ್ರೆ ಅವ್ರಿಗೆ ಇವತ್ತು ಅಂತ ಅಲ್ಲ. ಇನ್ನು ಮೇಲೆ ಅಂತ. ನಮ್ಮ ಬ್ಯಾರಿ ಮಾತಲ್ಲೂ ಹಾಗೇ. ಇನ್ನು ಮೇಲೆ ಉಪ್ಪೇ ಬೇಡ ಅಂತ ಅವಳು ಹೇಳಿದ್ದು! ನೀನು ಎಷ್ಟು ಉಪ್ಪು ಕೊಟ್ಟಿದ್ದಿ ಇವ್ರಿಗೆ?”

ಇವರು ನೆಲದ ಮೇಲೆ ಚೆಲ್ಲಿದ್ದ ಗಂಜಿಯನ್ನು ನೋಡಿದರು, ಅದರ ನಡುವೆ ಬಿದ್ದಿದ್ದ ಮಿಡಿಯನ್ನು ನೋಡಿದರು. “ನಾನೇ ಕೊಂದೆ” ಎಂದು ಅಲ್ಲೇ ಕುಸಿದು ಕೂತರು.

ಪಾತುಮ್ಮಕ್ಕ ಜೋರಾಗಿ ಗದರಿದರು. “ಕೊಂದಾಯ್ತು ಅಂತ ಯಾರು ಹೇಳಿದ್ದು ನಿಂಗೆ? ಉಸಿರು ಉಂಟಲ್ಲ! ಏಳು, ಪುತ್ತೂರಿಗೆ ಹೋಗು. ಡಾಕ್ಟ್ರಿಗೆ ಇದ್ದದ್ದು ಇದ್ದ ಹಾಗೆ ಹೇಳು. ಮದ್ದು ತಾ.”

“ನಾನೊಬ್ಬನೇ? ಸೀನನನ್ನು ಕಳಿಸಿದ್ರೆ ಆಗುದಿಲ್ವಾ?”

“ಸೀನ ಹೋಗಿ ಎಂತ ಕೇಳಿ ಬಂದು ಎಂತ ಹೇಳ್ಬೇಕು? ಒಂದು ಮಾತು ತಪ್ಪಿ ಇಷ್ಟಾಗಿದೆ. ನೀನೇ ಹೋಗ್ಬೇಕು, ನೀನೇ ಕೇಳ್ಬೇಕು.”

ಇವರು ಹೋದರು. ಬೆಳ್ಳಾರೆಯವರೆಗೆ ಓಡುನಡಿಗೆ, ಅಲ್ಲಿಂದ ಬಸ್ಸು. ಆ ಬಸ್ಸು ಕಂಡಕಂಡಲ್ಲಿ ನಿಂತು ಬಾಳೆಗೊನೆ ಹತ್ತಿಸಿಕೊಳ್ಳುವಾಗ ಇವರಿಗೆ ಕೂಗಬೇಕೆನಿಸುತ್ತಿತ್ತಂತೆ. ತಾಯಿ ಹೋಗಿಬಿಟ್ಟಿದ್ದರೆ? ಊರಿನವರಿಗೆ ಏನು ಹೇಳುವುದು? ನನಗೆ ಏನು ಹೇಳುವುದು? ಹುಟ್ಟುವ ಮಗುವಿಗೆ, ನಿನ್ನ ಅಜ್ಜಿಯನ್ನು ನಾನು ಉಪ್ಪು ತಿನ್ನಿಸಿ ಕೊಂದೆ ಎನ್ನುವುದೇ? ಇದನ್ನೆಲ್ಲ ಇವರು ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ. ಹೇಳುವಾಗಲೂ ನನ್ನ ಮುಖ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಇವರು ಹಲಸಿನ ಮರದ ಕೆಳಗೆ ಕೂರಲಿಲ್ಲ. ಕಾದು ನಿಂತವರನ್ನೆಲ್ಲ ದಾಟಿ ಡಾಕ್ಟರ ಎದುರಿಗೇ ಹೋಗಿ ನಿಂತರು. ಉಪ್ಪಿನ ವಿಷಯ ಹೇಳಲು ಬಂದವರು, ಬಾಯಿ ತೆರೆದಾಗ ಅದಕ್ಕಿಂತ ಮೊದಲು ಬೇರೆಯೇ ಮಾತು ಬಂತು.

“ನೀವು ಅವತ್ತು ಮನೆಗೆ ಕರ್ಕೊಂಡು ಹೋಗಿ ಹೇಳಿದ್ದು, ಸಾಯ್ಲಿಕ್ಕಾ ಡಾಕ್ಟ್ರೇ?”

ಡಾಕ್ಟರು ಕನ್ನಡಕ ತೆಗೆದು ಇವರನ್ನು ನೋಡಿದರು. “ಸಾಯ್ಲಿಕ್ಕೆ ಯಾರಾದ್ರೂ ಮಾತ್ರೆ ಕೊಟ್ಟು ಕಳಿಸ್ತಾರಾ ಮಾರಾಯ? ಬದುಕ್ಲಿಕ್ಕೇ ಕಳಿಸಿದ್ದು. ಜಾಗ್ರತೆ ಮಾಡಿದ್ರೆ ಇನ್ನೂ ಸುಮಾರು ವರ್ಷ ಇರ್ತಾರೆ. ಎಂತ ಆಯ್ತು?”

ಆಗ ಇವರು ಎಲ್ಲ ಹೇಳಿದರು. ಮಿಡಿ, ಒಣಮೀನು, ಹಪ್ಪಳ, ಒಂದನ್ನೂ ಬಿಡಲಿಲ್ಲ. ಡಾಕ್ಟರು ಬೈಯುತ್ತಲೇ ನೀರಿಳಿಸುವ ಜೋರಿನ ಮಾತ್ರೆ ತರಿಸಿದರು. ಉಪ್ಪು ಎಂದರೆ ಮಜ್ಜಿಗೆಗೆ ಹಾಕುವ ಚಿಟಿಕೆಯೂ ಉಪ್ಪೇ ಎಂದು ಬಿಡಿಸಿ ಹೇಳಿದರು. ನಾಳೆಯೊಳಗೆ ಉಸಿರು ಹದಕ್ಕೆ ಬಾರದಿದ್ದರೆ ಹೊತ್ತು ತನ್ನಿ ಎಂದರು. ಇವರು ಒಂದೊಂದನ್ನೂ ಎರಡೆರಡು ಸಲ ಕೇಳಿದರು. ‘ಇವತ್ತಾ, ಯಾವಾಗ್ಲೂವಾ?’ ಎಂದು ಎಲ್ಲದಕ್ಕೂ ಕೇಳಿದರು.

ಹೊರಗೆ ಬರುವಾಗ ಆ ನರ್ಸಮ್ಮ ಎದುರಾದಳು. ಇವರು ಅವಳದೇ ಮಾತನ್ನು ಅವಳಿಗೆ ಹೇಳಿ, ತಾನು ತಿಳಿದುಕೊಂಡದ್ದನ್ನೂ ಹೇಳಿದರು. ಹುಡುಗಿ ಗೋಡೆಗೆ ಒರಗಿಕೊಂಡಳು. ಕಣ್ಣು ತುಂಬಿ ಬಂದವು. “ಅಪ್ಪೆ ಉಳ್ಳೆರಾ?” ಎಂದು ಕೇಳಿದಳು. ತಾಯಿ ಇದ್ದಾರಾ?

ಇವರಿಗೆ ಅದು ಗೊತ್ತಿರಲಿಲ್ಲ. ಬೆಳಿಗ್ಗೆ ಹೊರಟು ಬಂದವರು. ಈಗ ಇದ್ದಾರೋ ಇಲ್ಲವೋ ಯಾರಿಗೆ ಗೊತ್ತು? ಬಸ್ಸಿಗೆ ಓಡಿದರು.

ಸಂಜೆ ಮನೆಯ ಹತ್ತಿರ ಬಂದಾಗ ಮೊದಲು ಕೇಳಿದ್ದು ಕತ್ತಿಯ ಸದ್ದು. ಅಂಗಳದ ಬೇಲಿಯಾಚೆ ಜನ ನಿಂತಿದ್ದರು. ನಡುವೆ ಸೀನ ಹಸಿಬಿದಿರು ಕಡಿದು ಗಂಟು ಸವರುತ್ತಿದ್ದ. ನಮ್ಮ ಕಡೆ ಕಾಯಿಲೆಯವರಿದ್ದ ಮನೆಯ ಅಂಗಳದಲ್ಲಿ ಹಸಿಬಿದಿರು ಕಡಿದರೆ ಚಟ್ಟಕ್ಕೆಂದೇ. ಇವರು ಬೇಲಿ ದಾಟುವ ತಡಮೆಯ ಹತ್ತಿರವೇ ಕೂತುಬಿಟ್ಟರು. ಮಾತ್ರೆಯ ಪೊಟ್ಟಣ ಮುಷ್ಟಿಯಲ್ಲಿತ್ತು.

ಸೀನ ಕಂಡು ಓಡಿಬಂದ. “ಎಂತಾಯ್ತು ಕುಶಾಲಣ್ಣ?”

“ಯಾವಾಗ ಹೋದ್ರು?”

“ಯಾರು ಹೋಗುದು? ಇದು ಕುರ್ಚಿಗೆ ಕಟ್ಲಿಕ್ಕೆ! ಪುತ್ತೂರಿಗೆ ಹೊರಬೇಕಾದ್ರೆ ತಯಾರು ಇರ್ಲಿ ಅಂತ ಪಾತುಮ್ಮಕ್ಕ ಹೇಳಿದ್ದು. ಏಳಿ ಮಾರಾಯ್ರೆ, ಅವ್ವ ನಿಮ್ಮನ್ನು ಕೇಳ್ತಾ ಇದ್ದಾರೆ.”

ಇವರು ಎದ್ದರೋ ಸೀನನೇ ಎತ್ತಿದನೋ ಇಬ್ಬರಿಗೂ ನೆನಪಿಲ್ಲ. ಒಳಗೆ ಅಡಿಗೆ ಕೋಣೆಯಲ್ಲಿ ಹೊಗೆಯೇಳುತ್ತಿತ್ತು. ಪಾತುಮ್ಮಕ್ಕ ನಮ್ಮ ಒಲೆಯ ಮುಂದೆ ಕೂತು ಊದುಕೊಳವೆ ಊದುತ್ತಿದ್ದರು, ಉಪ್ಪಿನ ಮರಿಗೆಯನ್ನು ಹಿತ್ತಿಲ ಬಾಗಿಲಾಚೆ ಇಟ್ಟಿದ್ದರು. ಅತ್ತೆಯೇ ಒಳಗೆ ಹೋಗಲು ಹೇಳಿದ್ದರಂತೆ. ಊರಿನಲ್ಲಿ ಕೆಲವರು ಆಮೇಲೆ ಇದನ್ನು ಆಡಿಕೊಂಡರು. ಆಡಿಕೊಂಡವರಲ್ಲಿ ಒಬ್ಬರೂ ಆ ದಿನ ಬೆನ್ನು ನೀವಲು ಬಂದಿರಲಿಲ್ಲ, ಅದನ್ನೂ ನಾನಿಲ್ಲಿ ಬರೆದಿಡುತ್ತೇನೆ.

ಅತ್ತೆ ಬದುಕಿದ್ದರು. ಉಸಿರು ಇನ್ನೂ ಗೊರಗೊರ ಅನ್ನುತ್ತಿತ್ತು. ಮಗನನ್ನು ಕಂಡ ಕೂಡಲೇ ಅವರ ಕೈ ಅಭ್ಯಾಸದಂತೆ ಕಂಬಳಿಯನ್ನು ಕಾಲಿನ ಮೇಲೆ ಎಳೆಯಲು ಹೋಯಿತು. ಇವರು ಹತ್ತಿರ ಕೂತು ಆ ಕಂಬಳಿಯನ್ನು ತೆಗೆದು ಪಕ್ಕಕ್ಕಿಟ್ಟರು. ಊದಿದ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡರು.

“ಮನೆಗೆ ಕಳಿಸಿದ್ದು ಬದುಕ್ಲಿಕ್ಕೆ ಅಂತೆ ಅವ್ವ. ನಾನು ಕೇಳಿ ಬಂದೆ.”

ಅತ್ತೆ ಮಗನ ಮುಖವನ್ನೇ ನೋಡಿದರು. “ನೀನು ಕೇಳಿದ್ಯಾ?” ಎಂದರು.

“ನಂಗೆ ಯಾಕೆ ಹೇಳ್ಲಿಲ್ಲ ನೀನು?”

“ಹೇಳಿದ್ರೆ ನೀನು ಹೆದರ್ತಿ ಮಗಾ.”

“ಹೆದರ್ತೇನೆ,” ಎಂದರು ಇವರು. ಅಳುತ್ತಿದ್ದರಂತೆ. “ಹೆದರ್ತೇನೆ ಅವ್ವ. ಆದ್ರೂ ಹೇಳು.”

ಮಾತ್ರೆ ಕೆಲಸ ಮಾಡಿತು. ನೀರು ಇಳಿಯತೊಡಗಿತು. ಬಿದಿರು ಕಟ್ಟಿದ ಕುರ್ಚಿ ಬೇಕಾಗಲಿಲ್ಲ. ಪಾತುಮ್ಮಕ್ಕ ಇಲ್ಲದ ಹೊತ್ತಿನಲ್ಲಿ ಉಚ್ಚೆಯ ಪಾತ್ರೆಯನ್ನು ಇವರೇ ಹೊರಗೆ ಒಯ್ದು ಚೆಲ್ಲುತ್ತಿದ್ದರು. ಅಷ್ಟು ಸಂತೋಷದಿಂದ ಆ ಕೆಲಸ ಮಾಡಿದ ಮಗನನ್ನು ಯಾರೂ ಕಂಡಿರಲಿಕ್ಕಿಲ್ಲ. ಅತ್ತೆಯೂ ನಾಚಿಕೆ ಬಿಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಮಗಳನ್ನೆತ್ತಿಕೊಂಡು ಬಂದಾಗ ಅತ್ತೆ ಜಗಲಿಯಲ್ಲಿ ಕೂತು ಹುಳಿ ಹಿಂಡಿದ ಸಪ್ಪೆ ಗಂಜಿ ಕುಡಿಯುತ್ತ ಮಗನನ್ನು ಬೈಯುತ್ತಿದ್ದರು. ಒಳಗೆ ಒಲೆಯ ಮುಂದೆ ಪಾತುಮ್ಮಕ್ಕ ಇದ್ದರು.

ಇವರೇನೂ ಧೈರ್ಯಸ್ಥರಾಗಲಿಲ್ಲ. ಕಥೆಗಳಲ್ಲಿ ಆಗುವ ಹಾಗೆ ಮನುಷ್ಯರಿಗೆ ಆಗುವುದಿಲ್ಲ. ಗುಡುಗಿದರೆ ಕಣಜದ ಹಿಂದೆಯೇ ಹೋಗುತ್ತಿದ್ದರು. ಏಣಿ ಹತ್ತಲು ಸೀನನೇ ಬರಬೇಕಿತ್ತು. ಆದರೆ ಪ್ರತಿದಿನ ಬೆಳಿಗ್ಗೆ ಅತ್ತೆಯ ಕಾಲಿನ ಮೇಲೆ ಹೆಬ್ಬೆರಳು ಒತ್ತಿ, ಗುಂಡಿ ಬೀಳುತ್ತದೆಯೇ ಎಂದು ನೋಡುತ್ತಿದ್ದರು. ಒತ್ತುವಾಗ ಆ ಬೆರಳು ನಡುಗುತ್ತಿದ್ದುದನ್ನು ನಾನು ಕಂಡಿದ್ದೇನೆ. ನಾನೂ ಅಂದಿನಿಂದ ಇವರಿಂದ ಏನನ್ನೂ ಬಚ್ಚಿಡಲಿಲ್ಲ. ಹಾವು ಕಂಡರೆ ಹಾವು ಎಂದೆ.

ಅತ್ತೆ ತೀರಿಕೊಂಡದ್ದು ೧೯೬೪ರಲ್ಲಿ, ಒಂದು ಮಧ್ಯಾಹ್ನ. ನಾನು ಮನೆಯಲ್ಲೇ ಇದ್ದೆ, ಪಾತುಮ್ಮಕ್ಕನೂ ಇದ್ದರು. ಅತ್ತೆ ನಮ್ಮಿಬ್ಬರಿಗೂ ಏನೂ ಹೇಳಲಿಲ್ಲ. ಗದ್ದೆಯಲ್ಲಿದ್ದ ಮಗನನ್ನು ಕರೆಸಿದರು. ಇವರು ಕೆಸರುಗಾಲಿನಲ್ಲೇ ಬಂದು ಪಕ್ಕದಲ್ಲಿ ಕೂತಾಗ ಅವರ ಕಡೆಗೆ ತಿರುಗಿ ನೇರವಾಗಿ ಹೇಳಿದರು.

“ಕುಶಾಲ, ಇವತ್ತು ನಾನು ಹೋಗ್ತೇನೆ ಕಾಣ್ತದೆ. ನಂಗೂ ಹೆದರಿಕೆ ಆಗ್ತಾ ಉಂಟು.”

ಇವರ ಮೈಯೆಲ್ಲ ನಡುಗುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದುದು ಬಾಗಿಲಲ್ಲಿ ನಿಂತ ನನಗೂ ಕೇಳುತ್ತಿತ್ತು. ತಾಯಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ನಾನಿದ್ದೇನೆ ಅವ್ವ” ಎಂದರು. ಕೊನೆಯವರೆಗೂ ಎದ್ದು ಹೋಗಲಿಲ್ಲ.